ದೆಹಲಿ–ಟೋಕಿಯೊ ವಿಮಾನಯಾನ: ದೂರ ಎಷ್ಟು, ಸಮಯ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ದೆಹಲಿಯಿಂದ ಟೋಕಿಯೊಗೆ ಹೊರಟವರು ಮೊದಲು ಕೇಳುವುದು ದೂರ. ಆದರೆ ಈ ಮಾರ್ಗದಲ್ಲಿ ಪ್ರಯಾಣದ ಅವಧಿಯನ್ನು ನಿರ್ಧರಿಸುವುದು ದೂರಕ್ಕಿಂತ ಹೆಚ್ಚಾಗಿ ಗಾಳಿ ಮತ್ತು ಹಿಮಾಲಯ. ಹೋಗುವಾಗ ಎಂಟು ಗಂಟೆಯೊಳಗೆ ಮುಗಿದ ಹಾರಾಟ ಬರುವಾಗ ಒಂಬತ್ತೂವರೆ ಗಂಟೆ ಹಿಡಿದರೆ ಅದು ತಪ್ಪಲ್ಲ, ವಿಳಂಬವೂ ಅಲ್ಲ. ಹಾಗಾಗುವುದಕ್ಕೆ ಗಟ್ಟಿಯಾದ ಕಾರಣಗಳಿವೆ.

ದೆಹಲಿಯಿಂದ ಟೋಕಿಯೊಗೆ ವಿಮಾನ ಮಾರ್ಗದಲ್ಲಿ ಎಷ್ಟು ಕಿಲೋಮೀಟರ್?

ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಿಂದ ಟೋಕಿಯೊದ ಹನೇಡಾ ನಿಲ್ದಾಣಕ್ಕೆ ಭೂಮಿಯ ಮೇಲ್ಮೈಗುಂಟ ಇರುವ ಅತಿ ಕಡಿಮೆ ದೂರ ಸುಮಾರು 5,860 ಕಿ.ಮೀ. ನರೀಟಾ ನಿಲ್ದಾಣಕ್ಕಾದರೆ ಸುಮಾರು 5,910 ಕಿ.ಮೀ. ಮೈಲಿಯ ಲೆಕ್ಕದಲ್ಲಿ ಹನೇಡಾಗೆ ಸುಮಾರು 3,640 ಮೈಲಿ, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 3,165.

ಬೇರೆ ಬೇರೆ ಕಡೆ ಹತ್ತು ಹದಿನೈದು ಕಿಲೋಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಭೂಮಿಯನ್ನು ಪೂರ್ತಿ ಗುಂಡಗಿನ ಗೋಳ ಎಂದುಕೊಂಡು ಲೆಕ್ಕ ಹಾಕಿದರೆ ಒಂದು ಉತ್ತರ ಬರುತ್ತದೆ. ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿರುವ ಅದರ ನಿಜವಾದ ಆಕಾರವನ್ನು ಹಿಡಿದರೆ ಉತ್ತರ ತುಸು ದೊಡ್ಡದಾಗುತ್ತದೆ. ಕೆಲವರು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದರೆ, ಇನ್ನು ಕೆಲವರು ನಗರದ ಮಧ್ಯಭಾಗದಿಂದ ಅಳೆಯುತ್ತಾರೆ.

ಈ 'ಅತಿ ಕಡಿಮೆ ದೂರ' ಭೂಪಟದಲ್ಲಿ ನೇರ ಗೆರೆಯೇ?

ಅಲ್ಲ. ಗೋಡೆಯ ಮೇಲಿನ ಭೂಪಟದಲ್ಲಿ ದೆಹಲಿಗೂ ಟೋಕಿಯೊಗೂ ಅಳತೆಪಟ್ಟಿ ಇಟ್ಟು ಗೆರೆ ಎಳೆದರೆ ಅದು ಚೀನಾದ ನಡುಭಾಗವನ್ನು ಸುಮಾರು 32 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಹಾದುಹೋಗುತ್ತದೆ. ನಿಜವಾದ ಹತ್ತಿರದ ದಾರಿಯನ್ನು ಮಹಾವೃತ್ತ ಎನ್ನುತ್ತಾರೆ. ಗೋಳದ ಮೇಲೆ ಎರಡು ಊರುಗಳಿಗೆ ದಾರ ಬಿಗಿದರೆ ದಾರ ತಾನಾಗಿಯೇ ಹಿಡಿಯುವ ಹಾದಿ ಅದು.

ಆ ಹಾದಿ ದೆಹಲಿಯಿಂದ ಈಶಾನ್ಯಕ್ಕೆ ಹೊರಟು ಕುಮಾವೂಂ ಬೆಟ್ಟಗಳನ್ನು ದಾಟುತ್ತದೆ. ಟಿಬೆಟ್, ಛಿಂಗ್‌ಹಾಯ್, ಗಾನ್ಸು ಪ್ರಾಂತ್ಯಗಳ ಮೇಲೆ ಹಾದು, ಶಾನ್‌ಡಾಂಗ್ ಪರ್ಯಾಯ ದ್ವೀಪದ ಬಳಿ 37 ಡಿಗ್ರಿ ಉತ್ತರದವರೆಗೆ ಏರುತ್ತದೆ. ಅಲ್ಲಿಂದ ದಕ್ಷಿಣ ಕೊರಿಯಾ ದಾಟಿ ಟೋಕಿಯೊ ಕಡೆಗೆ ಇಳಿಯುತ್ತದೆ. ಟೋಕಿಯೊ ಇರುವುದು ಮೂವತ್ತೈದೂವರೆ ಡಿಗ್ರಿಯಲ್ಲಿ. ಅಂದರೆ ಹತ್ತಿರದ ದಾರಿ ಹಿಡಿಯಬೇಕಾದರೆ ಗುರಿಗಿಂತಲೂ ಉತ್ತರಕ್ಕೆ ಹೋಗಿ ಬರಬೇಕು! ಇಷ್ಟು ಬಳಸಿದಂತೆ ಕಂಡರೂ ಭೂಪಟದ ನೇರ ಗೆರೆಗಿಂತ ಈ ದಾರಿ ಸುಮಾರು 90 ಕಿ.ಮೀ. ಕಡಿಮೆ.

ಹಾಗಾದರೆ ವಿಮಾನಗಳು ಈ ದಾರಿಯಲ್ಲೇ ಹಾರುತ್ತವೆಯೇ?

ಇಲ್ಲ, ಮತ್ತು ಈ ಮಾರ್ಗದ ಬಗ್ಗೆ ತಿಳಿಯಲೇಬೇಕಾದ ಮುಖ್ಯ ವಿಷಯ ಇದೇ. ಸಾಮಾನ್ಯವಾಗಿ ದೆಹಲಿಯಿಂದ ಹೊರಟ ವಿಮಾನ ಹಿಮಾಲಯವನ್ನು ಎಡಗಡೆಗೆ ಬಿಟ್ಟು ಗಂಗಾ ಬಯಲಿನ ಮೇಲೆ ಪೂರ್ವಕ್ಕೆ ಸಾಗುತ್ತದೆ. ಮ್ಯಾನ್ಮಾರ್ ದಾಟಿ ಯುನ್ನಾನ್ ಕಡೆಯಿಂದ ಚೀನಾ ಪ್ರವೇಶಿಸುತ್ತದೆ, ದಕ್ಷಿಣ ಚೀನಾವನ್ನು ಅಡ್ಡಹಾಯ್ದು ಪೂರ್ವ ಚೀನಾ ಸಮುದ್ರದ ಮೇಲಿನಿಂದ ಜಪಾನ್ ತಲುಪುತ್ತದೆ.

ದೆಹಲಿ, ಯುನ್ನಾನ್‌ನ ಕುನ್ಮಿಂಗ್, ಶಾಂಘೈ, ಹನೇಡಾ ಈ ನಾಲ್ಕನ್ನೂ ಜೋಡಿಸಿ ಅಳೆದರೆ ಸುಮಾರು 6,290 ಕಿ.ಮೀ. ಆಗುತ್ತದೆ. ಮಹಾವೃತ್ತಕ್ಕಿಂತ ಇದು 430 ಕಿ.ಮೀ. ಹೆಚ್ಚು. ಯಾವುದೇ ಒಂದು ದಿನದ ಹಾರಾಟ ಇದಕ್ಕಿಂತ ಸ್ವಲ್ಪ ಉದ್ದವೂ ಆಗಬಹುದು, ಗಿಡ್ಡವೂ ಆಗಬಹುದು. ಗಾಳಿ, ಮೋಡ, ಸಂಚಾರ ನಿಯಂತ್ರಕರ ಸೂಚನೆ ನೋಡಿಕೊಂಡು ದಾರಿ ಪ್ರತಿದಿನ ಹೊಸದಾಗಿ ಗೊತ್ತಾಗುತ್ತದೆ. ಆದ್ದರಿಂದ 5,860 ಎಂಬುದನ್ನು 'ಎರಡು ಊರುಗಳ ನಡುವಿನ ಅಂತರ' ಎಂದು ಓದಿಕೊಳ್ಳಿ. 'ವಿಮಾನ ಹಾರಿದ ದೂರ' ಎಂದು ಓದಿಕೊಳ್ಳಬೇಡಿ.

ವಿಮಾನ ಎವರೆಸ್ಟ್‌ಗಿಂತ ಎತ್ತರ ಹಾರುತ್ತದೆ. ಮತ್ತೇಕೆ ಹಿಮಾಲಯದ ಅಂಜಿಕೆ?

ಬಹಳ ಒಳ್ಳೆಯ ಪ್ರಶ್ನೆ. ಎವರೆಸ್ಟ್‌ನ ಎತ್ತರ 8,849 ಮೀಟರ್. ಪ್ರಯಾಣಿಕ ವಿಮಾನಗಳು ಹತ್ತರಿಂದ ಹನ್ನೆರಡು ಸಾವಿರ ಮೀಟರ್ ಎತ್ತರದಲ್ಲಿ ಸಾಗುತ್ತವೆ. ಎಲ್ಲವೂ ಸರಿಯಾಗಿರುವಾಗ ಶಿಖರಗಳು ಅಡ್ಡಿಯೇ ಅಲ್ಲ. ಆದರೆ ವಿಮಾನದ ದಾರಿಯನ್ನು ಯೋಜಿಸುವವರು ಎಲ್ಲವೂ ಸರಿಯಾಗಿರುವ ದಿನವನ್ನು ಮಾತ್ರ ನೋಡುವುದಿಲ್ಲ.

ಕ್ಯಾಬಿನ್‌ನೊಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿಯಿತು ಎಂದುಕೊಳ್ಳಿ. ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಬೀಳುತ್ತವೆ. ಬಹುಪಾಲು ವಿಮಾನಗಳಲ್ಲಿ ಅವುಗಳಿಂದ ಆಮ್ಲಜನಕ ಬರುವುದು ಕಾಲು ಗಂಟೆಯ ಆಸುಪಾಸು. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಸುಮಾರು 10,000 ಅಡಿಗೆ, ಅಂದರೆ ಮೂರು ಸಾವಿರ ಮೀಟರ್‌ಗೆ ಇಳಿಸಬೇಕು. ಅಲ್ಲಿ ಮುಖವಾಡವಿಲ್ಲದೆ ಉಸಿರಾಡಬಹುದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಇಳಿಯಬೇಕಾದ ಎತ್ತರಕ್ಕಿಂತ ನೆಲವೇ ಒಂದೂವರೆ ಕಿಲೋಮೀಟರ್ ಮೇಲಿದೆ! ಇಂತಹ ನೆಲ ಸಾವಿರಾರು ಕಿಲೋಮೀಟರ್ ಹರಡಿಕೊಂಡಿದೆ. ನಡುವೆ ದೊಡ್ಡ ವಿಮಾನ ಇಳಿಸಬಹುದಾದ ನಿಲ್ದಾಣಗಳು ವಿರಳ.

ಒಂದು ಎಂಜಿನ್ ಕೈಕೊಟ್ಟರೂ ಇದೇ ತೊಡಕು. ಒಂದೇ ಎಂಜಿನ್‌ನಲ್ಲಿ ವಿಮಾನ ಸುರಕ್ಷಿತವಾಗಿ ಹಾರಬಲ್ಲದು, ಆದರೆ ಅದೇ ಎತ್ತರದಲ್ಲಿ ನಿಲ್ಲಲಾರದು. ನಿಧಾನವಾಗಿ ಕೆಳಕ್ಕೆ ಬರುತ್ತದೆ. ಕೆಳಗೆ ಬಯಲಿದ್ದರೆ ಚಿಂತೆಯಿಲ್ಲ. ಇದರ ಜೊತೆಗೆ ಪರ್ವತಗಳಿಗೆ ಬಡಿದು ಮೇಲೇಳುವ ಗಾಳಿಯ ಅಲೆಗಳು ವಿಮಾನವನ್ನು ಜೋರಾಗಿ ಅಲುಗಿಸುತ್ತವೆ. 430 ಕಿಲೋಮೀಟರ್ ಬಳಸುವುದಕ್ಕೆ ಹಿಡಿಯುವ ಅರ್ಧ ಗಂಟೆ ಈ ಎಲ್ಲದರ ಮುಂದೆ ದೊಡ್ಡದಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ನೇರ ವಿಮಾನಕ್ಕೆ ಎಷ್ಟು ಹೊತ್ತು ಬೇಕು?

ದೆಹಲಿಯಿಂದ ಟೋಕಿಯೊಗೆ ಏಳೂಕಾಲರಿಂದ ಎಂಟು ಗಂಟೆ. ಟೋಕಿಯೊದಿಂದ ದೆಹಲಿಗೆ ಒಂಬತ್ತರಿಂದ ಹತ್ತು ಗಂಟೆ. ಟಿಕೆಟ್‌ನಲ್ಲಿ ಕಾಣುವ ಅವಧಿ ಒಂದು ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್ ಸೇರುವವರೆಗಿನದು. ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ಗೇಟ್ ತನಕ ಬರುವುದು ಎಲ್ಲವೂ ಅದರಲ್ಲಿ ಸೇರಿದೆ. ಗಾಳಿಯಲ್ಲಿರುವ ಸಮಯ ಅದಕ್ಕಿಂತ ಅರ್ಧ ಗಂಟೆಯಷ್ಟು ಕಡಿಮೆ ಇರುತ್ತದೆ.

ಹೋಗುವುದಕ್ಕಿಂತ ಬರುವುದಕ್ಕೆ ಇಷ್ಟೊಂದು ಹೆಚ್ಚು ಸಮಯ ಏಕೆ?

ಜೆಟ್ ಸ್ಟ್ರೀಮ್‌ನಿಂದ. ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿ ಇದು. ಚಳಿಗಾಲದಲ್ಲಿ ಜಪಾನ್ ಮೇಲೆ ಹಾಯುವ ಜೆಟ್ ಸ್ಟ್ರೀಮ್ ಭೂಮಿಯ ಮೇಲಿನ ಅತಿ ಬಲವಾದ ಗಾಳಿಗಳಲ್ಲಿ ಒಂದು. ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು. ಪೂರ್ವಕ್ಕೆ ಹೋಗುವ ವಿಮಾನದ ಬೆನ್ನಿಗೆ ಈ ಗಾಳಿ ಸಿಗುತ್ತದೆ, ಪಶ್ಚಿಮಕ್ಕೆ ಬರುವ ವಿಮಾನಕ್ಕೆ ಎದುರಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಗಾಳಿಗೆ ಸಾಪೇಕ್ಷವಾಗಿ ವಿಮಾನದ ವೇಗ ಗಂಟೆಗೆ 900 ಕಿ.ಮೀ., ದಾರಿ 6,290 ಕಿ.ಮೀ. ಇರಲಿ. ಗಾಳಿಯೇ ಇಲ್ಲದಿದ್ದರೆ 6 ಗಂಟೆ 59 ನಿಮಿಷ ಬೇಕು. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ 6 ಗಂಟೆ 17 ನಿಮಿಷ. ಅದೇ ಗಾಳಿ ಎದುರಾದರೆ 7 ಗಂಟೆ 52 ನಿಮಿಷ. ಮೇಲೇರುವ, ಇಳಿಯುವ, ನೆಲದ ಮೇಲೆ ಸಾಗುವ ಹೊತ್ತನ್ನು ಸೇರಿಸಿದರೆ ಟಿಕೆಟ್‌ನ ಅಂಕಿಗಳ ಹತ್ತಿರ ಬರುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೋಗುವಾಗ ಉಳಿದದ್ದು 42 ನಿಮಿಷ, ಬರುವಾಗ ಕಳೆದದ್ದು 53 ನಿಮಿಷ. ಒಂದೇ ಗಾಳಿ, ಆದರೂ ಲಾಭಕ್ಕಿಂತ ನಷ್ಟ ಹೆಚ್ಚು. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗುವುದಷ್ಟೇ ಅಲ್ಲ, ಆ ಎದುರುಗಾಳಿಯಲ್ಲೇ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ. ಹೋಗಿ ಬರುವ ಪ್ರಯಾಣದಲ್ಲಿ ಗಾಳಿ 'ಸರಿದೂಗುತ್ತದೆ' ಎಂಬುದು ತಪ್ಪು ತಿಳಿವಳಿಕೆ.

ಚಳಿಗಾಲದ ರಾತ್ರಿ ದೆಹಲಿಯಿಂದ ಹೊರಟರೆ ಮುಂದಿನ ಆಸನದ ಪರದೆಯಲ್ಲಿ ನೆಲಕ್ಕೆ ಸಾಪೇಕ್ಷವಾಗಿ ವಿಮಾನದ ವೇಗ ಗಂಟೆಗೆ ಎಷ್ಟು ಕಿ.ಮೀ. ಎಂಬುದನ್ನು ಗಮನಿಸುತ್ತಿರಿ. ಭಾರತದ ಮೇಲಿರುವಾಗ 950ರ ಹತ್ತಿರ ಇದ್ದ ಅಂಕಿ ಪೂರ್ವ ಚೀನಾ ದಾಟುವ ಹೊತ್ತಿಗೆ 1,100ನ್ನೂ ಮೀರಬಹುದು. ಎಂಜಿನ್ ಸದ್ದಿನಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ, ಲೋಟದ ನೀರು ಅಲುಗುವುದೂ ಇಲ್ಲ.

ಈ ಗಾಳಿಯನ್ನು ಮೊದಲು ಕಂಡುಕೊಂಡವರು ಯಾರು?

ಈ ಮಾರ್ಗದಲ್ಲಿ ಹೋಗುವವರು ಅವರ ಹೆಸರನ್ನು ತಿಳಿದಿರಬೇಕು ಎಂಬುದು ನನ್ನ ಆಸೆ. ಅವರು ವಾಸಾಬುರೊ ಓಯಿಶಿ, ಜಪಾನಿನ ಹವಾಮಾನ ವಿಜ್ಞಾನಿ. ಟೋಕಿಯೊದ ಈಶಾನ್ಯಕ್ಕೆ, ಇಂದಿನ ತ್ಸುಕುಬಾ ನಗರದಲ್ಲಿರುವ ಟಾಟೆನೊ ವೀಕ್ಷಣಾಲಯದಲ್ಲಿ ಅವರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವುಗಳ ಹಾದಿಯನ್ನು ಹಿಂಬಾಲಿಸಿ ಮೇಲಿನ ಗಾಳಿಯ ವೇಗವನ್ನು ಅಳೆದರು. ಚಳಿಗಾಲದಲ್ಲಿ ಬಲೂನುಗಳು ಪೂರ್ವಕ್ಕೆ ನಂಬಲಾಗದ ವೇಗದಲ್ಲಿ ತೇಲಿಹೋಗುತ್ತಿದ್ದವು.

ಜಗತ್ತೆಲ್ಲ ಓದಲಿ ಎಂದು ಅವರು 1926ರಲ್ಲಿ ತಮ್ಮ ವರದಿಯನ್ನು ಎಲ್ಲ ದೇಶದವರ ಬಳಕೆಗೆಂದೇ ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನವರು ಅದರತ್ತ ಗಮನ ಕೊಡಲಿಲ್ಲ. 1944ರ ಕೊನೆಯಲ್ಲಿ ಅಮೆರಿಕದ ಬಿ-29 ಯುದ್ಧವಿಮಾನಗಳು ಜಪಾನ್ ಮೇಲೆ ಎತ್ತರದಲ್ಲಿ ಹಾರಿದಾಗ ಇದೇ ಗಾಳಿಗೆ ಸಿಕ್ಕಿ, ಬಾಂಬುಗಳು ಗುರಿ ತಪ್ಪಿದವು. ಓಯಿಶಿ ಬರೆದಿಟ್ಟದ್ದನ್ನು ಎರಡು ದಶಕಗಳ ನಂತರ ಬೇರೆಯವರು ಅನುಭವದಿಂದ ಕಲಿಯಬೇಕಾಯಿತು.

ವರ್ಷಪೂರ್ತಿ ಇದೇ ಸಮಯವೇ?

ಅಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವ–ಬರುವ ಅವಧಿಗಳ ಅಂತರ ಅತಿ ಹೆಚ್ಚು. ಆಗ ಜೆಟ್ ಸ್ಟ್ರೀಮ್ ಹಿಮಾಲಯದ ದಕ್ಷಿಣಕ್ಕಿದ್ದು, ಉತ್ತರ ಭಾರತ ಮತ್ತು ದಕ್ಷಿಣ ಚೀನಾದ ಮೇಲೆ, ಅಂದರೆ ವಿಮಾನದ ದಾರಿಯಲ್ಲೇ ಹರಿಯುತ್ತಿರುತ್ತದೆ. ಬೇಸಿಗೆ ಏರಿದಂತೆ ಅದು ದುರ್ಬಲವಾಗಿ ಟಿಬೆಟ್‌ನ ಉತ್ತರಕ್ಕೆ ಸರಿಯುತ್ತದೆ. ನಮ್ಮ ಮುಂಗಾರು ಭಾರತವನ್ನು ಆವರಿಸುವುದಕ್ಕೂ ಈ ಸರಿಯುವಿಕೆಗೂ ನಂಟಿದೆ ಎಂಬುದನ್ನು ಹವಾಮಾನ ವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ಜುಲೈ–ಆಗಸ್ಟ್‌ನಲ್ಲಿ ಎರಡೂ ದಿಕ್ಕಿನ ಅವಧಿಗಳು ಪರಸ್ಪರ ಹತ್ತಿರ ಬರುತ್ತವೆ. ಆದರೆ ಆಗ ಬಂಗಾಳ, ಮ್ಯಾನ್ಮಾರ್ ಮೇಲಿನ ಗುಡುಗು ಮೋಡಗಳನ್ನು ಸುತ್ತಿ ಹೋಗಬೇಕಾಗುತ್ತದೆ.

ವಿಮಾನ ಸಂಸ್ಥೆಗಳು ಮಾರ್ಚ್ ಕೊನೆಯಲ್ಲಿ ಬೇಸಿಗೆಯ, ಅಕ್ಟೋಬರ್ ಕೊನೆಯಲ್ಲಿ ಚಳಿಗಾಲದ ವೇಳಾಪಟ್ಟಿಗೆ ಬದಲಾಗುತ್ತವೆ. ಒಂದೇ ವಿಮಾನದ ಅವಧಿ ಎರಡರಲ್ಲೂ ಬೇರೆ ಬೇರೆ ಕಾಣಿಸುವುದು ಇದಕ್ಕೇ.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಬರುವ ವಿಮಾನ ಬೇಗ ತಲುಪಬೇಕಲ್ಲವೇ?

ಟೋಕಿಯೊ ಇರುವ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,360 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ ಎಂಬುದು ನಿಜ. ಆದರೆ ವಾತಾವರಣವೂ ಅದರೊಂದಿಗೇ ತಿರುಗುತ್ತಿದೆ, ನಿಂತ ವಿಮಾನವೂ ತಿರುಗುತ್ತಿದೆ. ಹಾಗಾಗಿ ಆ ವೇಗ ಲೆಕ್ಕಕ್ಕೆ ಬರುವುದಿಲ್ಲ. ನೆಲಕ್ಕಿಂತ ಗಾಳಿ ಎಷ್ಟು ಮುಂದೆ ಓಡುತ್ತಿದೆ ಎಂಬುದಷ್ಟೇ ಮುಖ್ಯ.

ಎರಡೂ ಊರುಗಳ ಗಡಿಯಾರದಲ್ಲಿ ಎಷ್ಟು ವ್ಯತ್ಯಾಸ?

ಟೋಕಿಯೊ ಮೂರೂವರೆ ಗಂಟೆ ಮುಂದಿದೆ. ಜಪಾನಿನ ಸಮಯ 135 ಡಿಗ್ರಿ ಪೂರ್ವ ರೇಖಾಂಶದ್ದು, ಅದು ಕೋಬೆ ಪಕ್ಕದ ಅಕಾಶಿ ನಗರದ ಮೇಲೆ ಹಾದುಹೋಗುತ್ತದೆ. ಭಾರತದ್ದು 82.5 ಡಿಗ್ರಿ, ಮಿರ್ಜಾಪುರದ ಬಳಿ. ನಡುವಿನ 52.5 ಡಿಗ್ರಿಯನ್ನು ಗಂಟೆಗೆ 15 ಡಿಗ್ರಿಯಂತೆ ಭಾಗಿಸಿದರೆ ಮೂರೂವರೆ ಗಂಟೆ. ಎರಡೂ ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲದ ಕಾರಣ ಈ ವ್ಯತ್ಯಾಸ ವರ್ಷವಿಡೀ ಒಂದೇ.

ಟಿಕೆಟ್‌ನಲ್ಲಿ ಹೊರಡುವ ಸಮಯವೂ ತಲುಪುವ ಸಮಯವೂ ಆಯಾ ಊರಿನದೇ. ಉದಾಹರಣೆಗೆ, ದೆಹಲಿಯಿಂದ ರಾತ್ರಿ 8 ಗಂಟೆಗೆ ಹೊರಟು 7 ಗಂಟೆ 45 ನಿಮಿಷ ಪ್ರಯಾಣಿಸಿದರೆ ಟೋಕಿಯೊ ಗಡಿಯಾರದಲ್ಲಿ ಬೆಳಿಗ್ಗೆ 7.15. ಟೋಕಿಯೊದಿಂದ ಬೆಳಿಗ್ಗೆ 11ಕ್ಕೆ ಹೊರಟು ಒಂಬತ್ತೂವರೆ ಗಂಟೆ ಹಾರಿದರೆ ದೆಹಲಿಯಲ್ಲಿ ಸಂಜೆ 5. ಗಡಿಯಾರವನ್ನಷ್ಟೇ ನೋಡಿದರೆ ಹೋಗಲು 11 ಗಂಟೆ 15 ನಿಮಿಷ, ಬರಲು 6 ಗಂಟೆ ಹಿಡಿದಂತೆ ಕಾಣುತ್ತದೆ. ನಿಜ ಸಂಗತಿ ಇದಕ್ಕೆ ಪೂರ್ತಿ ಉಲ್ಟಾ! ಇವೆರಡನ್ನೂ ಕೂಡಿಸಿ: 17 ಗಂಟೆ 15 ನಿಮಿಷ. ನಿಜವಾದ ಅವಧಿಗಳ ಮೊತ್ತವೂ ಅಷ್ಟೇ. ಹೋಗುವಾಗ ಸೇರಿದ ಮೂರೂವರೆ ಗಂಟೆ ಬರುವಾಗ ಕಳೆದುಹೋಗುತ್ತದೆ.

ದಿನರೇಖೆ ದಾಟುತ್ತೇವೆಯೇ?

ಇಲ್ಲ. ಅಂತರರಾಷ್ಟ್ರೀಯ ದಿನರೇಖೆ ಜಪಾನಿನಿಂದ ಇನ್ನೂ ಪೂರ್ವಕ್ಕೆ, ಪೆಸಿಫಿಕ್ ಸಾಗರದಲ್ಲಿದೆ. ರಾತ್ರಿ ಹೊರಟವರು ಮರುದಿನ ತಲುಪುವುದು ಮಧ್ಯರಾತ್ರಿ ಕಳೆದದ್ದರಿಂದ ಮಾತ್ರ.

ಯಾವ ಸಂಸ್ಥೆಗಳ ನೇರ ವಿಮಾನಗಳಿವೆ?

ಏರ್ ಇಂಡಿಯಾ, ಜಪಾನ್ ಏರ್‌ಲೈನ್ಸ್, ಆಲ್ ನಿಪ್ಪಾನ್ ಏರ್‌ವೇಸ್. ಮೂರೂ ಸಂಸ್ಥೆಗಳು ಈ ಮಾರ್ಗದಲ್ಲಿ ಬೋಯಿಂಗ್ 787 ವಿಮಾನಗಳನ್ನು ಬಳಸುತ್ತಾ ಬಂದಿವೆ. ಯಾವ ದಿನ, ಯಾವ ನಿಲ್ದಾಣ ಎಂಬುದು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಬುಕಿಂಗ್ ಮಾಡುವಾಗ ನೋಡಿಕೊಳ್ಳಿ.

ನಡುವೆ ವಿಮಾನ ಬದಲಿಸಿದರೆ?

ದೂರದ ದೃಷ್ಟಿಯಿಂದ ಬ್ಯಾಂಕಾಕ್, ಸಿಂಗಪುರಗಳಿಗಿಂತ ಹಾಂಗ್‌ಕಾಂಗ್ ಅನುಕೂಲ. ಎರಡು ಹಂತ ಸೇರಿ ಸುಮಾರು 6,650 ಕಿ.ಮೀ. ಬ್ಯಾಂಕಾಕ್ ಮೂಲಕ ಸುಮಾರು 7,500 ಕಿ.ಮೀ. ಸಿಂಗಪುರದ ಮೂಲಕ 9,400 ಕಿ.ಮೀ. ದಾಟುತ್ತದೆ. ಅಂದರೆ ಹತ್ತಿರದ ದಾರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಕಾಯುವ ಹೊತ್ತು ಕಡಿಮೆಯಿದ್ದರೂ ಹನ್ನೆರಡು ಗಂಟೆಯೊಳಗೆ ಮುಗಿಯುವುದು ಅಪರೂಪ. ಟಿಕೆಟ್ ದರದಲ್ಲಿ ದೊಡ್ಡ ಉಳಿತಾಯ ಇಲ್ಲದಿದ್ದರೆ, ಅದರಲ್ಲೂ ವಯಸ್ಸಾದವರು ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದರೆ, ನೇರ ವಿಮಾನವೇ ಒಳ್ಳೆಯದು.

ಪಾಕಿಸ್ತಾನದ ವಾಯುಪ್ರದೇಶ ಮುಚ್ಚಿದರೆ ಈ ಮಾರ್ಗಕ್ಕೆ ತೊಂದರೆಯೇ?

ಇಲ್ಲ, ದೆಹಲಿಯಿಂದ ಪೂರ್ವಕ್ಕೆ ಹೋಗುವ ದಾರಿ ಇದು. ಯುರೋಪ್, ಅಮೆರಿಕ ಕಡೆಯ ವಿಮಾನಗಳಿಗೆ ಆಗುವ ತೊಂದರೆ ಇಲ್ಲಿಲ್ಲ.

ಹವಾಮಾನದಿಂದ ತಡವಾಗುವುದು ಯಾವಾಗ?

ದೆಹಲಿಯಲ್ಲಿ ಡಿಸೆಂಬರ್ ಕೊನೆ ಮತ್ತು ಜನವರಿಯ ದಟ್ಟ ಮಂಜು. ತಡರಾತ್ರಿಯಿಂದ ಬೆಳಗಿನವರೆಗೆ ಅದರ ಕಾಟ ಹೆಚ್ಚು, ಸಂಜೆಯ ವಿಮಾನಗಳಿಗೆ ಕಡಿಮೆ. ಟೋಕಿಯೊದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಟೈಫೂನ್. ಟೈಫೂನಿನ ಮುನ್ಸೂಚನೆ ಕೆಲವು ದಿನ ಮೊದಲೇ ಸಿಗುವುದರಿಂದ ಸಂಸ್ಥೆಗಳು ದಿನಾಂಕ ಬದಲಾಯಿಸಿಕೊಳ್ಳಲು ಅವಕಾಶ ಕೊಡುವುದುಂಟು. ಮಂಜಿನ ವಿಷಯದಲ್ಲಿ ಅಷ್ಟು ಮುಂಚಿತವಾಗಿ ತಿಳಿಯುವುದಿಲ್ಲ.

ಯಾವ ಬದಿಯ ಕಿಟಕಿ ಒಳ್ಳೆಯದು?

ಟೋಕಿಯೊಗೆ ಹೋಗುವಾಗ ಎಡಬದಿ. ಬೆಳಿಗ್ಗೆ ಇಳಿಯುವ ವಿಮಾನವಾದರೆ, ಆಕಾಶ ತಿಳಿಯಾಗಿದ್ದರೆ, ಕೊನೆಯ ಅರ್ಧ ಗಂಟೆಯಲ್ಲಿ ಫುಜಿ ಪರ್ವತ ಸಾಮಾನ್ಯವಾಗಿ ಎಡಕ್ಕೆ ಕಾಣುತ್ತದೆ. ಹಿಂದಿರುಗುವಾಗ ಬಲಬದಿ. ಹಗಲಿನಲ್ಲಿ ಹೊರಟರೆ ಏರಿದ ಸ್ವಲ್ಪ ಹೊತ್ತಿಗೇ ಫುಜಿ, ಭಾರತದೊಳಗೆ ಬಂದ ಮೇಲೆ ಬೆಳಕಿದ್ದರೆ ಹಿಮಾಲಯದ ಸಾಲು. ಒಂದೇ ಕಿಟಕಿಯಿಂದ ಎರಡನ್ನೂ ನೋಡಬಹುದಾದ್ದರಿಂದ ಮರುಪ್ರಯಾಣಕ್ಕೆ ಬಲಬದಿಯ ಆಸನವನ್ನು ಮೊದಲೇ ಕಾದಿರಿಸುವುದು ಲೇಸು. ರೆಕ್ಕೆಯ ಮೇಲಿನ ಸಾಲುಗಳನ್ನು ಬಿಟ್ಟುಬಿಡಿ.

ರಾತ್ರಿ ವಿಮಾನದಲ್ಲಿ ನಿದ್ರೆಗೆ ಎಷ್ಟು ಸಮಯ ಸಿಗುತ್ತದೆ?

ನಾಲ್ಕೈದು ಗಂಟೆ ಸಿಕ್ಕರೆ ಹೆಚ್ಚು. ಊಟ ಮುಗಿದು ದೀಪ ಆರಿಸಲು ಒಂದೂವರೆ ಗಂಟೆ ಹಿಡಿಯುತ್ತದೆ, ಇಳಿಯುವುದಕ್ಕೆ ಎರಡು ಗಂಟೆ ಮೊದಲು ಉಪಾಹಾರ. ಟೋಕಿಯೊದಲ್ಲಿ ಬೆಳಿಗ್ಗೆ ಏಳು ಎಂದರೆ ನಿಮ್ಮ ದೇಹಕ್ಕೆ ಇನ್ನೂ ನಸುಕಿನ ಮೂರೂವರೆ. ಹೊರಡುವ ಮೊದಲೇ ಊಟ ಮುಗಿಸಿ, ಹತ್ತಿದ ಕೂಡಲೇ ಮಲಗುವುದು ಉತ್ತಮ ಉಪಾಯ. ತಲುಪಿದ ದಿನ ಬೆಳಿಗ್ಗೆಯೇ ಮುಖ್ಯ ಸಭೆ ಇಟ್ಟುಕೊಳ್ಳಬೇಡಿ.

ಹನೇಡಾ ಒಳ್ಳೆಯದೋ, ನರೀಟಾ ಒಳ್ಳೆಯದೋ?

ಹಾರಾಟದ ದೃಷ್ಟಿಯಿಂದ ಐವತ್ತು ಕಿಲೋಮೀಟರ್ ವ್ಯತ್ಯಾಸ ಏನೇನೂ ಅಲ್ಲ. ನೆಲದ ಮೇಲೆ ಅದು ದೊಡ್ಡದು. ಹನೇಡಾ ನಗರದ ಮಧ್ಯಭಾಗದಿಂದ ಸುಮಾರು 15 ಕಿ.ಮೀ., ರೈಲಿನಲ್ಲಿ ಅರ್ಧ ಗಂಟೆ ಸಾಕು. 1978ರಲ್ಲಿ ಆರಂಭವಾದ ನರೀಟಾ ಸುಮಾರು 60 ಕಿ.ಮೀ. ಆಚೆ, ಚಿಬಾ ಪ್ರಾಂತ್ಯದಲ್ಲಿದೆ. ವೇಗದ ರೈಲಿದ್ದರೂ ಒಂದು ಗಂಟೆ ಇಟ್ಟುಕೊಳ್ಳಬೇಕು. ಟಿಕೆಟ್ ಹುಡುಕುವಾಗ ಹನೇಡಾಗೆ ಎಚ್‌ಎನ್‌ಡಿ, ನರೀಟಾಗೆ ಎನ್‌ಆರ್‌ಟಿ ಎಂಬ ಸಂಕೇತ ಇರುತ್ತದೆ. ಟಿವೈಒ ಎಂದಿದ್ದರೆ ಎರಡರಲ್ಲಿ ಯಾವುದೂ ಆಗಬಹುದು.

ಟೋಕಿಯೊದಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದೆ. ಎಷ್ಟು ಅಂತರ ಬಿಡಬೇಕು?

ಒಂದೇ ನಿಲ್ದಾಣ, ಒಂದೇ ಟಿಕೆಟ್ ಆಗಿದ್ದರೆ ಎರಡು ಗಂಟೆ ಸಾಮಾನ್ಯವಾಗಿ ಸಾಕಾಗುತ್ತದೆ. ಹನೇಡಾದಲ್ಲಿ ಇಳಿದು ನರೀಟಾದಿಂದ ಹೊರಡಬೇಕಾದರೆ ಲೆಕ್ಕವೇ ಬೇರೆ. ಜಪಾನ್ ಪ್ರವೇಶದ ತಪಾಸಣೆ ಮುಗಿಸಿ, ಬ್ಯಾಗ್ ಪಡೆದು, ಬಸ್ ಅಥವಾ ರೈಲಿನಲ್ಲಿ ಒಂದೂವರೆ ಗಂಟೆಯಷ್ಟು ಸಾಗಿ, ಮತ್ತೆ ಚೆಕ್-ಇನ್ ಮಾಡಬೇಕು. ಇದಕ್ಕೆ ಐದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನಿಲ್ದಾಣದಿಂದ ಹೊರಬರುವುದರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕಾಗುತ್ತದೆ. ಟಿಕೆಟ್ ಅಗ್ಗವೆಂದು ಕೊಳ್ಳುವ ಮೊದಲು ಎರಡೂ ವಿಮಾನಗಳ ನಿಲ್ದಾಣದ ಸಂಕೇತ ಒಂದೇ ಇದೆಯೇ ಎಂದು ನೋಡಿ.